ಹಸಿ ಮೀನಿನ ಸುಶಿ ಮತ್ತು ಪಕ್ಕದಲ್ಲಿಡುವ ಎರಡನೇ ತಟ್ಟೆ

(ಮಹಿಳಾ ವಿಭಾಗದ ಅಡುಗೆ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ನನಗಿಂತ ಮೊದಲು ಮಾತಾಡಿದವರು ಹೋಳಿಗೆಯ ಕಣಕದ ಬಗ್ಗೆ, ಜೋಳದ ರೊಟ್ಟಿ ಬಡಿಯುವ ಬಗ್ಗೆ ಎಷ್ಟು ಚೆನ್ನಾಗಿ ಹೇಳಿದರು. ಈಗ ನಾನು ಬಂದು ಹಸಿ ಮೀನು ಅಂದರೆ ಕೆಲವರ ಮುಖ ಹೇಗಾಗುತ್ತದೆ ಎಂದು ಇಲ್ಲಿಂದಲೇ ಕಾಣುತ್ತಿದೆ. ಸಸ್ಯಾಹಾರಿ ಅಕ್ಕಂದಿರು ದಯವಿಟ್ಟು ಎದ್ದು ಹೋಗಬೇಡಿ. ಸುಶಿ ಎಂದರೆ ಹಸಿ ಮೀನು ಅಲ್ಲ. ಬರೀ ಹಸಿ ಮೀನಿನ ಹೋಳಿಗೆ ಜಪಾನಿನಲ್ಲಿ ಸಾಶಿಮಿ ಎನ್ನುತ್ತಾರೆ. ಸುಶಿ ಎಂದರೆ ವಿನೆಗರ್ ಬೆರೆಸಿದ ಹುಳಿ ಅನ್ನದಿಂದ ಮಾಡಿದ ತಿನಿಸು. ಸೌತೆಕಾಯಿ ಇಟ್ಟು ಸುತ್ತಿದರೂ ಅದು ಸುಶಿಯೇ. ಅದರ ಹೆಸರು ಕಪ್ಪಾಮಾಕಿ.

ನಾನು ಕುಂದಾಪುರದ ಕಡೆಯವಳು. ಎಂಟೆಕ್ ಮುಗಿಸಿ ಪುಣೆಗೆ ಬಂದು ಹತ್ತು ವರ್ಷವಾಯಿತು, ಸಾಫ್ಟ್‌ವೇರ್ ಕೆಲಸ. ಪ್ರಾಜೆಕ್ಟ್ ಕೆಲಸಕ್ಕೆಂದು ಮೂರು ತಿಂಗಳು ಯೊಕೊಹಾಮಾದಲ್ಲಿದ್ದೆ. ಅಲ್ಲಿ ಒಂದು ಭಾನುವಾರ ಸಹೋದ್ಯೋಗಿಯೊಬ್ಬರು ಮನೆಗೆ ಊಟಕ್ಕೆ ಕರೆದರು. ಅವರ ತಾಯಿ ಮೇಜಿನ ನಡುವೆ ಅನ್ನ, ಕತ್ತರಿಸಿದ ಮೀನು, ಸೌತೆಕಾಯಿ, ಮೊಟ್ಟೆಯ ಆಮ್ಲೆಟ್ ಪಟ್ಟಿಗಳು, ಕಪ್ಪು ನೋರಿ ಹಾಳೆಗಳು ಎಲ್ಲವನ್ನೂ ಇಟ್ಟಿದ್ದರು. ಅವರವರಿಗೆ ಬೇಕಾದ್ದನ್ನು ಅವರವರೇ ಕೈಯಲ್ಲಿ ಸುತ್ತಿಕೊಂಡು ತಿನ್ನಬೇಕು. ಇದಕ್ಕೆ ತೆಮಾಕಿ ಎನ್ನುತ್ತಾರೆ. ಅನ್ನದ ಉಂಡೆಯ ಮೇಲೆ ಮೀನಿಟ್ಟು ಒತ್ತುವ ನಿಗಿರಿಯನ್ನು ಬಹುತೇಕ ಮನೆಯವರು ಅಂಗಡಿಯ ಕಸುಬುದಾರರಿಗೇ ಬಿಡುತ್ತಾರೆ. ಮನೆಯ ಸುಶಿ ಎಂದರೆ ಹೀಗೆ ಕೂತು ಸುತ್ತಿಕೊಳ್ಳುವುದೇ. ನನಗೆ ಆಷಾಢ, ಶ್ರಾವಣದಲ್ಲಿ ಅಮ್ಮ ಕೆಸುವಿನೆಲೆ ಹರಡಿ ಹಿಟ್ಟು ಸವರಿ ಪತ್ರೊಡೆ ಸುತ್ತುತ್ತಿದ್ದುದು ನೆನಪಾಯಿತು.

ಪುಣೆಗೆ ಬಂದ ಮೇಲೆ ಇದನ್ನು ಮನೆಯಲ್ಲಿ ಮಾಡಿ ಎಲ್ಲರನ್ನೂ ಬೆರಗುಗೊಳಿಸಬೇಕು ಅನ್ನಿಸಿತು. ಆಗ ನಾನು ಮಾಡಿದ ತಪ್ಪನ್ನೇ ಇವತ್ತು ಮುಖ್ಯವಾಗಿ ಹೇಳಬೇಕೆಂದು ಬಂದಿದ್ದೇನೆ.

ಮಾರುಕಟ್ಟೆಗೆ ಹೋದೆ. ಮೀನು ಮಾರುವ ಬಾಯಿ ರಾವಸ್ ತೋರಿಸಿ, ಇದು ಇಂಡಿಯನ್ ಸಾಲ್ಮನ್ ಎಂದರು. ಸಾಲ್ಮನ್ ಎಂಬ ಶಬ್ದ ಕೇಳಿದ್ದೇ ಸಾಕಾಯಿತು. ರಾವಸ್ ಬೇರೆಯೇ ಜಾತಿಯ ಮೀನು, ಸಾಲ್ಮನ್‌ಗೂ ಅದಕ್ಕೂ ಸಂಬಂಧವಿಲ್ಲ ಎಂದು ಆಗ ಗೊತ್ತಿರಲಿಲ್ಲ. ಅಮ್ಮ ಕಲಿಸಿದಂತೆ ಕಿವಿರು ಎತ್ತಿ ನೋಡಿದೆ, ಕೆಂಪಗಿತ್ತು. ಕಣ್ಣು ಹೊಳೆಯುತ್ತಿತ್ತು. ಒತ್ತಿದರೆ ಗುಳಿ ಬೀಳಲಿಲ್ಲ. ತಂದು ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟೆ. ಅಮ್ಮ ಆಗ ನಮ್ಮ ಮನೆಯಲ್ಲೇ ಇದ್ದರು. "ಎಂತ ಮಾರಾಯ್ತಿ, ಹಸಿ ಮೀನು ತಿನ್ನುದಾ? ದೋಣಿಯಿಂದ ಇಳಿಸಿದ ಮೀನನ್ನೇ ನಾವು ಹಸಿಯಾಗಿ ತಿಂದದ್ದಿಲ್ಲ" ಎಂದರು. "ಜಪಾನಿನವರೆಲ್ಲ ತಿನ್ನುತ್ತಾರಮ್ಮ" ಎಂದು ಅವರ ಬಾಯಿ ಮುಚ್ಚಿಸಿದೆ.

ಆ ಸಂಜೆ ನಮ್ಮವರು, ಮೈದುನ, ನಾದಿನಿ, ನಾನು ಕೂತು ತಿಂದೆವು. ಅಮ್ಮ ಮುಟ್ಟಲಿಲ್ಲ. ನಾದಿನಿ ಎರಡು ತುಂಡು ತಿಂದಳು, ಮೂರನೆಯದು ಬೇಡ ಎಂದಳು. ನಾನು ಬಿಡದೆ, "ಅತ್ತಿಗೆ ಮಾಡಿದ್ದು ಅಂತ ಇನ್ನೊಂದು ತಿನ್ನು" ಎಂದು ತಟ್ಟೆಗೆ ಹಾಕಿದೆ. ತಿಂದಳು.

ಎರಡು ದಿನ ಬಿಟ್ಟು ಫೋನ್ ಮಾಡಿ, "ಅತ್ತಿಗೆ, ನಿಮಗೊಂದು ಸಿಹಿ ಸುದ್ದಿ. ಮೂರು ತಿಂಗಳಾಗುವವರೆಗೆ ಹೇಳಬಾರದು ಅಂತಿದ್ದೆ, ಆದರೆ ನಿಮ್ಮ ಹತ್ತಿರ ಮುಚ್ಚಿಡಲಿಕ್ಕೆ ಆಗಲ್ಲ" ಎಂದಳು. ನನಗೆ ಸಂತೋಷದ ಮಾತೇ ಬರಲಿಲ್ಲ. ತಟ್ಟೆಗೆ ಹಾಕಿದ ಆ ಮೂರನೇ ತುಂಡೇ ಕಣ್ಣ ಮುಂದೆ ಬಂತು.

ಆ ರಾತ್ರಿ ಕೂತು ಓದಿದೆ. ಮೊದಲೇ ಓದಬೇಕಾಗಿದ್ದುದು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಇದೆ. ಅದು ಫ್ರಿಜ್‌ನ ತಂಪಿನಲ್ಲೂ ಬೆಳೆಯುತ್ತದೆ. ಗರ್ಭಿಣಿಗೆ ಅದು ತಗುಲಿದರೆ ಅವಳಿಗೆ ಸಣ್ಣ ಜ್ವರ ಅಷ್ಟೇ ಬರಬಹುದು, ಆದರೆ ಹೊಟ್ಟೆಯಲ್ಲಿರುವ ಮಗುವಿಗೆ ಪ್ರಾಣಾಪಾಯ. ಲಕ್ಷಣ ಕಾಣಿಸಲು ಕೆಲವೊಮ್ಮೆ ಎರಡು ತಿಂಗಳೂ ಹಿಡಿಯುತ್ತದೆ. ಬೆಳಿಗ್ಗೆ ನಾದಿನಿಗೆ ನಾನೇ ಫೋನ್ ಮಾಡಿ ವಿಷಯ ಹೇಳಿದೆ. ಅದು ನನ್ನ ಜೀವನದ ಕಷ್ಟದ ಫೋನ್‌ಗಳಲ್ಲಿ ಒಂದು. ಡಾಕ್ಟರ್ ಹತ್ತಿರ ಜೊತೆಗೇ ಹೋದೆವು. ಗಾಬರಿ ಬೇಡ, ಜ್ವರ, ಮೈಕೈ ನೋವು ಬಂದರೆ ಕೂಡಲೇ ಬನ್ನಿ ಎಂದರು. ಎರಡು ತಿಂಗಳು ದಿನಾ ಬೆಳಿಗ್ಗೆ ನಾನು ಅವಳಿಗೆ ಮೆಸೇಜ್ ಮಾಡುತ್ತಿದ್ದೆ. "ಜ್ವರ ಇಲ್ಲ ಅತ್ತಿಗೆ" ಎಂಬ ಉತ್ತರ ಬರುವವರೆಗೆ ಕಾಫಿ ಇಳಿಯುತ್ತಿರಲಿಲ್ಲ.

ಏನೂ ಆಗಲಿಲ್ಲ. ಮಗುವಿಗೆ ಈಗ ನಾಲ್ಕು ವರ್ಷ, ಇಲ್ಲೇ ಹಿಂದಿನ ಸಾಲಿನಲ್ಲಿ ಓಡಾಡುತ್ತಿದ್ದಾನೆ. ಆದರೆ ಏನೂ ಆಗಲಿಲ್ಲ ಎನ್ನುವುದು ನನ್ನ ಜಾಣತನ ಅಲ್ಲ, ನಮ್ಮ ಪುಣ್ಯ. ಒಂದು ಸಲ ಓಡಿದ ಪ್ರೋಗ್ರಾಂನಲ್ಲಿ ದೋಷವೇ ಇಲ್ಲ ಎಂದು ಆಫೀಸಿನಲ್ಲಿ ನಾವು ಯಾರೂ ಒಪ್ಪುವುದಿಲ್ಲ. ಅಡುಗೆಮನೆಯಲ್ಲಿ ನಾನು ಅದನ್ನೇ ಒಪ್ಪಿಕೊಂಡಿದ್ದೆ.

ಈಗ ಕಲಿತದ್ದನ್ನು ಹೇಳುತ್ತೇನೆ.

ಮೊದಲನೆಯದು, ತಾಜಾ ಬೇರೆ, ಹಸಿಯಾಗಿ ತಿನ್ನಲು ಯೋಗ್ಯ ಬೇರೆ. ನಮ್ಮ ಅಮ್ಮಂದಿರ ಕಿವಿರು, ಕಣ್ಣಿನ ಪರೀಕ್ಷೆ ಸರಿಯಾದದ್ದೇ, ಆದರೆ ಅದು ಬೇಯಿಸುವ ಮೀನಿಗೆ. ಸಮುದ್ರದ ಮೀನಿನಲ್ಲಿ ಅನಿಸಾಕಿಸ್ ಎಂಬ ಸಣ್ಣ ಹುಳು ಇರಬಹುದು. ಇವತ್ತೇ ಹಿಡಿದ ಮೀನಿನಲ್ಲೂ ಇರಬಹುದು. ಲಿಂಬೆ, ವಿನೆಗರ್, ವಸಾಬಿ ಯಾವುದಕ್ಕೂ ಅದು ಸಾಯುವುದಿಲ್ಲ. ಸಾಯುವುದು ಚೆನ್ನಾಗಿ ಬೇಯಿಸಿದರೆ, ಇಲ್ಲವೇ ಆಳವಾಗಿ ಹೆಪ್ಪುಗಟ್ಟಿಸಿದರೆ. ಅಮೆರಿಕದ ಆಹಾರ ಇಲಾಖೆಯ ಲೆಕ್ಕದಲ್ಲಿ ಮೈನಸ್ 20 ಡಿಗ್ರಿಯಲ್ಲಿ 7 ದಿನ, ಅಥವಾ ಮೈನಸ್ 35 ಡಿಗ್ರಿಯಲ್ಲಿ ಗಟ್ಟಿಯಾಗಿಸಿ ಅದೇ ಚಳಿಯಲ್ಲಿ 15 ಗಂಟೆ. ನಾನು ಒಂದು ಥರ್ಮಾಮೀಟರ್ ತಂದು ವಾರವಿಡೀ ನಮ್ಮ ಫ್ರೀಜರ್‌ನ ಅಂಕಿ ಬರೆದೆ. ಬಾಗಿಲು ತೆಗೆದು ಹಾಕಿ, ಕರೆಂಟ್ ಹೋಗಿ ಬಂದು, ಮೈನಸ್ 11ರಿಂದ ಮೈನಸ್ 16ರ ನಡುವೆಯೇ ಓಡಾಡಿತು. ಒಂದು ದಿನವೂ 20 ಮುಟ್ಟಲಿಲ್ಲ. ಹಾಗಾಗಿ ಮಾರುಕಟ್ಟೆಯ ಮೀನನ್ನು ಮನೆಯ ಫ್ರೀಜರ್‌ನಲ್ಲಿಟ್ಟು ಹಸಿಯಾಗಿ ತಿನ್ನುವ ಯೋಚನೆ ಬಿಟ್ಟುಬಿಡಿ. ರೋಹು, ಕಾಟ್ಲಾದಂಥ ಸಿಹಿನೀರಿನ ಮೀನನ್ನಂತೂ ಹಸಿಯಾಗಿ ಮುಟ್ಟಲೇಬೇಡಿ, ಅವುಗಳಲ್ಲಿ ಬರುವ ಹುಳುಗಳು ಬೇರೆ ಥರದವು.

ಎರಡನೆಯದು, ಹೆಪ್ಪುಗಟ್ಟಿಸಿದರೆ ಹುಳು ಸಾಯುತ್ತದೆ, ಬ್ಯಾಕ್ಟೀರಿಯಾ ಸಾಯುವುದಿಲ್ಲ, ಮಲಗುತ್ತದೆ ಅಷ್ಟೇ. ಬೆಚ್ಚಗಾದೊಡನೆ ಏಳುತ್ತದೆ. ಬಂಗುಡೆ, ಟ್ಯೂನಾದಂಥ ಮೀನು ಐಸ್ ಇಲ್ಲದೆ ಹೊರಗಿದ್ದರೆ ಹಿಸ್ಟಮಿನ್ ಸೇರಿಕೊಳ್ಳುತ್ತದೆ. ಅದು ಬೇಯಿಸಿದರೂ ಹೋಗದು. ತಿಂದು ಮುಖ ಕೆಂಪಾಗಿ ಮೈ ತುರಿಸಿದರೆ ನಾವು ಮೀನಿನ ಅಲರ್ಜಿ ಅಂದುಕೊಳ್ಳುತ್ತೇವೆ, ಎಷ್ಟೋ ಸಲ ಕಾರಣ ಇದೇ.

ಮೂರನೆಯದು, ಪ್ಯಾಕೆಟ್ ಮೇಲೆ ಸುಶಿ ಗ್ರೇಡ್ ಎಂದು ಬರೆದ ಮಾತ್ರಕ್ಕೆ ನಂಬಬೇಡಿ. ಅಮೆರಿಕದಲ್ಲೂ ಅದಕ್ಕೆ ಕಾನೂನಿನ ವ್ಯಾಖ್ಯೆ ಇಲ್ಲ. ಅಂಗಡಿಯವರನ್ನು ಕೇಳಿ. ಇದು ಹಸಿಯಾಗಿ ತಿನ್ನಲೆಂದೇ ಬಂದದ್ದೇ? ಎಷ್ಟು ಡಿಗ್ರಿಯಲ್ಲಿ, ಎಷ್ಟು ದಿನ ಹೆಪ್ಪುಗಟ್ಟಿಸಿದ್ದಾರೆ? ಸಾಕಿದ ಮೀನೋ, ಹಿಡಿದದ್ದೋ? ಉತ್ತರ ಬಾರದಿದ್ದರೆ ಆ ಮೀನಿಗೆ ಮಸಾಲೆ ಹಚ್ಚಿ ತವಾ ಮೇಲೆ ಹಾಕಿ, ಚೆನ್ನಾಗಿಯೇ ಇರುತ್ತದೆ. ನಾನು ಈಗ ತರುವುದು ಹೆಪ್ಪುಗಟ್ಟಿಸಿ ಬರುವ ನಾರ್ವೆಯ ಸಾಕಣೆಯ ಸಾಲ್ಮನ್. ಹಿಂದೆ ಜಪಾನಿನವರು ಹುಳುವಿನ ಭಯದಿಂದಲೇ ಸಾಲ್ಮನ್ ಅನ್ನು ಉಪ್ಪು ಹಚ್ಚಿ, ಸುಟ್ಟು ತಿನ್ನುತ್ತಿದ್ದರು. 1980ರ ದಶಕದಲ್ಲಿ ನಾರ್ವೆಯವರು ತಮ್ಮ ಸಾಕಣೆ ಮೀನನ್ನು ಅಲ್ಲಿಗೆ ಒಯ್ದು, ವರ್ಷಗಟ್ಟಲೆ ಪ್ರಚಾರ ಮಾಡಿದ ಮೇಲೆಯೇ ಸಾಲ್ಮನ್ ಸುಶಿ ರೂಢಿಗೆ ಬಂತು. ಜಪಾನಿನವರೆಲ್ಲ ತಿನ್ನುತ್ತಾರಮ್ಮ ಎಂದು ನಾನು ಹೇಳಿದ ಮಾತಿನ ಹಿಂದೆ ಇಷ್ಟು ಎಚ್ಚರಿಕೆ ಇತ್ತು. ಅದು ನನಗೆ ಗೊತ್ತಿರಲಿಲ್ಲ.

ಈಗ ಮಾಡುವ ವಿಧಾನ. ಜಪಾನಿನ ಗಿಡ್ಡ ಅಕ್ಕಿ ಎರಡು ಲೋಟ ತೆಗೆದುಕೊಳ್ಳಿ. ಸೋನಾ ಮಸೂರಿ ಅಂಟುವುದಿಲ್ಲ, ಬಾಸ್ಮತಿಯಂತೂ ಕೇಳಲೇಬೇಡಿ. ನೀರು ತಿಳಿಯಾಗುವವರೆಗೆ ತೊಳೆದು, ಅರ್ಧ ಗಂಟೆ ನೆನೆಸಿ, ಅಕ್ಕಿಯಷ್ಟೇ ನೀರು, ಮೇಲೆ ಒಂದೆರಡು ಚಮಚ ಹೆಚ್ಚು ಹಾಕಿ ಬೇಯಿಸಿ. ಕಾಲು ಲೋಟ ರೈಸ್ ವಿನೆಗರ್, ಎರಡು ದೊಡ್ಡ ಚಮಚ ಸಕ್ಕರೆ, ಒಂದು ಸಣ್ಣ ಚಮಚ ಉಪ್ಪು ಸೇರಿಸಿ, ಕುದಿಸದೆ ಬಿಸಿ ಮಾಡಿ ಕರಗಿಸಿ. ಬಿಸಿ ಅನ್ನವನ್ನು ಅಗಲ ಪಾತ್ರೆಗೆ ಹಾಕಿ, ಇದನ್ನು ಸುರಿದು, ಮರದ ಸಟ್ಟುಗದಿಂದ ಕತ್ತರಿಸುವಂತೆ ಬೆರೆಸಿ. ಮಸೆಯಬಾರದು. ಬೀಸಣಿಗೆಯಿಂದ ಗಾಳಿ ಹಾಕಿದರೆ ಅಗುಳಿಗೆ ಹೊಳಪು ಬರುತ್ತದೆ. ಒದ್ದೆ ಬಟ್ಟೆ ಮುಚ್ಚಿಡಿ. ಫ್ರಿಜ್‌ನಲ್ಲಿಟ್ಟರೆ ಗಟ್ಟಿಯಾಗುತ್ತದೆ.

ಮೀನನ್ನು ಹಿಂದಿನ ರಾತ್ರಿಯೇ ವ್ಯಾಕ್ಯೂಮ್ ಪ್ಯಾಕೆಟ್ ಕತ್ತರಿಸಿ ತೆಗೆದು, ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನೊಳಗೇ ಕರಗಲು ಬಿಡಿ. ಹೊರಗಿಟ್ಟು ಕರಗಿಸಬೇಡಿ. ಅದಕ್ಕೆಂದೇ ಬೇರೆ ಚಾಕು, ಬೇರೆ ಹಲಗೆ ಇರಲಿ. ಉದ್ದುದ್ದ ಪಟ್ಟಿ ಕತ್ತರಿಸಿ, ಸುತ್ತುವವರೆಗೆ ಮತ್ತೆ ಫ್ರಿಜ್‌ಗೇ ಇಡಿ.

ಬಿದಿರಿನ ಚಾಪೆಯ ಮೇಲೆ ನೋರಿ ಹಾಳೆ, ಹೊಳೆಯುವ ಮಗ್ಗುಲು ಕೆಳಗೆ. ಕೈ ಒದ್ದೆ ಮಾಡಿಕೊಂಡು ಅನ್ನವನ್ನು ತೆಳುವಾಗಿ ಹರಡಿ, ಆಚೆ ತುದಿಯಲ್ಲಿ ಒಂದಿಂಚು ಖಾಲಿ ಬಿಡಿ. ಈಚೆ ಮಗ್ಗುಲಲ್ಲಿ ಮೀನು, ಸೌತೆಕಾಯಿ ಇಟ್ಟು, ಚಾಪೆ ಎತ್ತಿ ಮಡಚಿ, ಒತ್ತಿ, ಉರುಳಿಸಿ. ಪತ್ರೊಡೆ ಸುತ್ತಿದ ಕೈಗೆ ಇದು ತಾನಾಗಿಯೇ ಬರುತ್ತದೆ. ಚಾಕು ಪ್ರತಿ ಸಲ ಒದ್ದೆ ಮಾಡಿ, ಮೊದಲು ಎರಡು ಭಾಗ, ಆಮೇಲೆ ಒಂದೊಂದರಲ್ಲಿ ಮೂರೋ ನಾಲ್ಕೋ ತುಂಡು. ಮಾಡಿದ್ದನ್ನು ಆಗಲೇ ತಿನ್ನಬೇಕು. ಪುಣೆಯ ಏಪ್ರಿಲ್ ಬಿಸಿಲಿನಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗೆ ಬೇಡ. ನಾಳೆಯ ಟಿಫಿನ್‌ಗೆ ಎಂದು ಎತ್ತಿಡುವ ಆಸೆಯೂ ಬೇಡ.

ಆ ನೋರಿ ಹಾಳೆಯ ಬಗ್ಗೆ ಒಂದು ಮಾತು, ಇದು ಮಹಿಳಾ ವಿಭಾಗವಾದ್ದರಿಂದ. ನೋರಿ ಸಮುದ್ರದ ಪಾಚಿ. ಅದರ ಬೀಜ ಎಲ್ಲಿಂದ ಬರುತ್ತದೆಂದು ಜಪಾನಿನ ಬೆಸ್ತರಿಗೆ ಗೊತ್ತಿರಲಿಲ್ಲ. ಒಂದು ವರ್ಷ ಬೆಳೆದರೆ ಇನ್ನೊಂದು ವರ್ಷ ಇಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿದ್ದ ಕ್ಯಾಥ್ಲೀನ್ ಡ್ರೂ ಬೇಕರ್ ಎಂಬ ವಿಜ್ಞಾನಿ, ಆ ಪಾಚಿ ತನ್ನ ಬದುಕಿನ ಒಂದು ಹಂತವನ್ನು ಚಿಪ್ಪುಗಳೊಳಗೆ ಕಳೆಯುತ್ತದೆ ಎಂದು ಕಂಡುಹಿಡಿದು 1949ರಲ್ಲಿ ಪ್ರಕಟಿಸಿದರು. ಅದನ್ನು ಹಿಡಿದು ಜಪಾನಿನ ವಿಜ್ಞಾನಿಗಳು ಚಿಪ್ಪಿನಲ್ಲಿ ಬೀಜ ಬೆಳೆಸುವ ಕೃಷಿ ಶುರುಮಾಡಿದರು. ಮದುವೆಯಾದ ಹೆಂಗಸರಿಗೆ ಅಧ್ಯಾಪಕ ಕೆಲಸ ಕೊಡದ ಕಾಲವದು. ಮದುವೆಯಾದ ಮೇಲೆ ಕೆಲಸ ಹೋಗಿ, ಅವರು ಸಂಬಳವಿಲ್ಲದೆ ಸಂಶೋಧನೆ ನಡೆಸಿದ್ದರು. ಜಪಾನಿಗೆ ಒಮ್ಮೆಯೂ ಹೋಗದ ಅವರಿಗೆ ಅಲ್ಲಿನ ಕುಮಾಮೊಟೊ ಪ್ರಾಂತ್ಯದಲ್ಲಿ ಸ್ಮಾರಕವಿದೆ. ಸಮುದ್ರದ ತಾಯಿ ಎನ್ನುತ್ತಾರೆ. ಪ್ರತಿ ವರ್ಷ ಏಪ್ರಿಲ್ 14ರಂದು ಅವರನ್ನು ನೆನೆಯುತ್ತಾರೆ.

ಕೊನೆಯ ಮಾತು. ಗರ್ಭಿಣಿಯರು, ಸಣ್ಣ ಮಕ್ಕಳು, ವಯಸ್ಸಾದವರು, ಕೀಮೋ ಚಿಕಿತ್ಸೆಯಲ್ಲಿರುವವರು ಹಸಿ ಮೀನು ತಿನ್ನಬಾರದು. ಹಾಗಾದರೆ ಬಂದವರನ್ನು ಕೇಳಿಬಿಡೋಣ ಎಂದು ಮೊದಲು ನನಗೂ ಅನ್ನಿಸಿತ್ತು. ಆದರೆ ಮೊದಲ ಮೂರು ತಿಂಗಳು ಯಾರಿಗೂ ಹೇಳದಿರುವುದು ನಮ್ಮಲ್ಲಿ ಪದ್ಧತಿ. ಊಟದ ಮೇಜಿನಲ್ಲಿ ಎಲ್ಲರೆದುರು "ನೀನೇನಾದರೂ..." ಎಂದು ಕೇಳಿದರೆ ಅವಳು ಏನು ಹೇಳಬೇಕು? ಮಗುವಿಗಾಗಿ ಚಿಕಿತ್ಸೆ ತೆಗೆದುಕೊಳ್ಳುತ್ತಿರುವವಳು, ಕಾಯಿಲೆಯನ್ನು ಮನೆಯವರಿಂದಲೇ ಮುಚ್ಚಿಟ್ಟವಳು ಏನು ಹೇಳಬೇಕು? ಅದಕ್ಕೆ ನಾನೀಗ ಕೇಳುವುದಿಲ್ಲ. ಯಾವಾಗಲೂ ಎರಡು ತಟ್ಟೆ ಮಾಡುತ್ತೇನೆ. ಬೇಯಿಸಿದ ಸಿಗಡಿ, ಆಮ್ಲೆಟ್, ಸೌತೆಕಾಯಿಯ ರೋಲ್‌ಗಳು ಇನ್ನೊಂದು ತಟ್ಟೆಯಲ್ಲಿ, ಅಷ್ಟೇ ಅಂದವಾಗಿ, ಬೇರೆ ಹಲಗೆಯಲ್ಲಿ ಕತ್ತರಿಸಿ ಇಡುತ್ತೇನೆ. "ಇದು ಹಸಿ, ಇದು ಬೆಂದದ್ದು" ಎಂದು ಒಮ್ಮೆ ಎಲ್ಲರಿಗೂ ಕೇಳುವಂತೆ ಹೇಳಿ ಸುಮ್ಮನಾಗುತ್ತೇನೆ. ಯಾರು ಯಾವುದಕ್ಕೆ ಕೈ ಹಾಕಿದರು ಎಂದು ನೋಡುವುದೂ ಇಲ್ಲ. ಮತ್ತೆ, ಬೇಡ ಎಂದವರಿಗೆ ಇನ್ನೊಂದು ಬಡಿಸುವ ನಮ್ಮ ಅಭ್ಯಾಸ ಇದೆಯಲ್ಲ, ಅದನ್ನು ಈ ಒಂದು ತಿಂಡಿಗಾದರೂ ಬಿಟ್ಟಿದ್ದೇನೆ.

ಕಳೆದ ಸಲ ಅಮ್ಮ ಪುಣೆಗೆ ಬಂದಾಗ ಎರಡನೇ ತಟ್ಟೆಯಿಂದ ಸಿಗಡಿಯ ರೋಲ್ ಒಂದನ್ನು ತಿಂದರು. "ಅಡ್ಡಿಲ್ಲೆ, ಸ್ವಲ್ಪ ಕಾಯಿ ಚಟ್ನಿ ಇದ್ದಿದ್ರೆ ಲಾಯ್ಕ್ ಆತಿತ್ತು" ಎಂದರು. ಮುಂದಿನ ಸಲ ಚಟ್ನಿಯನ್ನೂ ಇಡುತ್ತೇನೆ.

ಈ ಕಥೆಯನ್ನು ಹೇಳಲು ಒಪ್ಪಿದ ನನ್ನ ನಾದಿನಿಗೆ ಧನ್ಯವಾದಗಳು.