ಬಾಣಂತಿಯ ರಕ್ತಕ್ಕೆ ಅಳತೆ ಇಲ್ಲವಾ?

ಇವತ್ತು ರಾಜಕೀಯ ಬೇಡ. ಇವತ್ತು ಒಂದು ಕೌದಿಯ ವಿಷಯ ಮಾತಾಡ್ತೀನಿ. ನಮ್ಮ ಅಮ್ಮನ ತವರು ತೆಂಗಳಿಯ ಕೌದಿ.

ತೆಂಗಳಿ ಎಲ್ಲಿದೆ ಅಂತ ಬೆಂಗಳೂರಿನಲ್ಲಿ ಕೂತವರಿಗೆ ಗೊತ್ತಿರಲಿಕ್ಕಿಲ್ಲ. ಕಲಬುರಗಿ ಜಿಲ್ಲೆ. ಮೊದಲು ಚಿತ್ತಾಪುರ ತಾಲ್ಲೂಕು, ಈಗ ಕಾಳಗಿ. ಸುತ್ತ ಸೇಡಂ, ಚಿಂಚೋಳಿ, ವಾಡಿ, ಶಹಾಬಾದ್. ತೊಗರಿಯ ನಾಡು, ಸಿಮೆಂಟಿನ ನಾಡು, ಬಿಸಿಲಿನ ನಾಡು. ನಾನು ಏಳೆಂಟು ವರ್ಷದ ಹುಡುಗ ಇದ್ದಾಗ ಅಲ್ಲಿ ನನ್ನ ಸಣ್ಣವ್ವ ತೀರಿಕೊಂಡಳು. ಚೊಚ್ಚಲ ಹೆರಿಗೆ. ಮನೆಯಲ್ಲೇ ಆಯ್ತು. ಗಂಡು ಮಗು. ಮಾಸು ಕೂಡ ಸರಿಯಾಗಿ ಬಿತ್ತು. ಮುತ್ಯಾ ಓಣಿಗೆಲ್ಲ ಸಕ್ಕರೆ ಹಂಚಿದ. ಎಲ್ಲರೂ ಮಗುವಿನ ಸುತ್ತ.

ಸಣ್ಣವ್ವ ಒಳಗಿನ ಕೋಣೆಯಲ್ಲಿ ಕೌದಿಯ ಮೇಲೆ ಮಲಗಿದ್ದಳು. ರಕ್ತ ಹೋಗ್ತಿತ್ತು. ಹಡೆದ ಮೇಲೆ ಹೋಗೋದೇ ಅಲ್ವಾ ಅಂತ ಯಾರೂ ಗಾಬರಿಯಾಗಲಿಲ್ಲ. ಸ್ವಲ್ಪ ಹೊತ್ತಿಗೆ ನೀರಡಿಕೆ ಅಂದಳು. ಆಮೇಲೆ ಕಣ್ಣು ಕತ್ತಲೆ ಅಂದಳು. ಕೈ ತಣ್ಣಗಾಗಿತ್ತು. ಟ್ರ್ಯಾಕ್ಟರ್ ಹುಡುಕಿ ತರೋ ಹೊತ್ತಿಗೆ ಮಾತು ನಿಂತಿತ್ತು. ಊರ ಗಡಿ ದಾಟಲಿಲ್ಲ.

ಎಷ್ಟೋ ವರ್ಷ ಆದ ಮೇಲೆ ಆಯಿ ನನ್ನ ಹತ್ತಿರ ಒಂದು ಮಾತು ಅಂದಳು. 'ಮರುದಿನ ಆ ಕೌದಿ ಒಗಿಲಾಕ ಎತ್ತಿದೆ ನೋಡಪಾ, ಕೈಗೆ ಬರಲಿಲ್ಲ. ಅಷ್ಟು ಭಾರ. ಅವಾಗ ತಿಳೀತು ನನಗ, ಎಷ್ಟು ಹೋಗ್ಯಾದ ಅಂತ.'

ಅರ್ಥ ಆಯ್ತಾ? ರಕ್ತ ಎಷ್ಟು ಹೋಯ್ತು ಅನ್ನೋದು ಗೊತ್ತಾಗಿದ್ದು ಮರುದಿನ. ಮಗಳು ಮಣ್ಣಿಗೆ ಹೋದ ಮೇಲೆ.

ಇದು ಹಳೇ ಕಥೆ, ಈಗ ಎಲ್ಲ ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಲ್ಲ ಅಂತೀರಾ? ಬನ್ನಿ, ಈಗಿನ ಲೆಕ್ಕಕ್ಕೇ ಬರೋಣ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಚಾನೆಲ್‌ನವರು ನಾವು ವಾರಗಟ್ಟಲೆ ಕೂಗಿದೆವು. ಕೂಗಲೇಬೇಕಿತ್ತು. ನರಕ್ಕೆ ಏರಿಸೋ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು, ಅದರ ಬಳಕೆ ನಿಂತಿತು. ಆಮೇಲೆ ಸರ್ಕಾರ ಇಡೀ ರಾಜ್ಯದ ತಾಯಂದಿರ ಸಾವನ್ನು ಒಂದೊಂದಾಗಿ ಪರಿಶೀಲಿಸಿತು. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ, ಬರೀ ಒಂಬತ್ತು ತಿಂಗಳಲ್ಲಿ, 464 ಸಾವು. ಅದರಲ್ಲಿ ಆ ದ್ರಾವಣಕ್ಕೆ ನಂಟು ಕಂಡಿದ್ದು 18. ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಸಾವನ್ನು ತಡೆಯಬಹುದಿತ್ತು ಅಂತ ವರದಿಯೇ ಹೇಳಿತು.

ಹದಿನೆಂಟಕ್ಕೆ ನಾವು ಕೂಗಿದೆವು. ಉಳಿದ ನಾನೂರ ನಲವತ್ತಾರು? ಒಂದೂ ಬ್ರೇಕಿಂಗ್ ನ್ಯೂಸ್ ಆಗಲಿಲ್ಲ. ನಾನೂ ಮಾಡಲಿಲ್ಲ. ಇದನ್ನ ಒಪ್ಕೊಂಡೇ ಮುಂದೆ ಮಾತಾಡ್ತೀನಿ.

ಇನ್ನೊಂದು ಲೆಕ್ಕ ನೋಡಿ. ಒಂದು ಲಕ್ಷ ಜೀವಂತ ಜನನಕ್ಕೆ ಎಷ್ಟು ತಾಯಂದಿರು ಸಾಯ್ತಾರೆ? 2018-20ರ ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಕೇರಳ 19, ಸೇಡಂ ದಾಟಿದರೆ ಸಿಗೋ ತೆಲಂಗಾಣ 43, ನಮ್ಮ ಕರ್ನಾಟಕ 69. ದಕ್ಷಿಣದ ಐದು ರಾಜ್ಯಗಳಲ್ಲಿ ನಾವೇ ಕೊನೆ. ಆಮೇಲೆ ನಮ್ಮ ಸಂಖ್ಯೆ ಇಳಿದಿದೆ, ನಿಜ. ಆದರೆ ಐಟಿ ರಾಜಧಾನಿ ಅಂತ ಎದೆ ತಟ್ಟಿಕೊಳ್ಳೋ ರಾಜ್ಯ ಇದು ಕಣ್ರೀ.

ಬಾಣಂತಿ ಸಾವಿಗೆ ಕಾರಣ ಹಲವು. ರಕ್ತದೊತ್ತಡ, ಸೋಂಕು, ಅಡ್ಡಬಿದ್ದ ಮಗು. ಆದರೆ ಜಗತ್ತಿನಾದ್ಯಂತ ದೊಡ್ಡ ಕಾರಣ ಸಣ್ಣವ್ವನನ್ನು ಕೊಂದಿದ್ದೇ: ಹೆರಿಗೆ ಆದ ಮೇಲಿನ ರಕ್ತಸ್ರಾವ. ಮಗು ಬಂದ ಮೇಲೆ ಗರ್ಭಕೋಶ ಮುಷ್ಟಿಯ ಹಾಗೆ ಬಿಗಿಯಾಗಬೇಕು. ಆಗಲೇ ಮಾಸು ಅಂಟಿದ್ದ ಜಾಗದ ರಕ್ತನಾಳ ಮುಚ್ಚಿಕೊಳ್ಳೋದು. ಬಿಗಿಯಾಗದೆ ಸಡಿಲ ಉಳಿದರೆ ನಲ್ಲಿ ತೆರೆದಿಟ್ಟ ಹಾಗೆ. ಜೋರಾಗಿ ಹೋಗ್ತಿದ್ದರೆ ಎರಡು ಗಂಟೆಯೊಳಗೆ ಜೀವ ಹೋಗಬಹುದು. ಅರ್ಧ ಲೀಟರ್ ದಾಟಿದರೆ ಅಪಾಯ ಅಂತ ವೈದ್ಯಶಾಸ್ತ್ರ ಹೇಳುತ್ತೆ. ಅದೂ ಮೈಯಲ್ಲಿ ರಕ್ತ ಸರಿಯಾಗಿರೋ ಹೆಂಗಸಿಗೆ. ನಮ್ಮ ರಾಜ್ಯದ ಗರ್ಭಿಣಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಜನರಿಗೆ ರಕ್ತಹೀನತೆ ಇದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅವರಿಗೆ ಅರ್ಧ ಲೀಟರ್ ಕೂಡ ದುಬಾರಿ.

ಈಗ ನನ್ನ ಪ್ರಶ್ನೆ. ಅರ್ಧ ಲೀಟರ್ ದಾಟಿತು ಅಂತ ಗೊತ್ತಾಗೋದು ಹೇಗೆ?

ತೊಗರಿ ಮಾರುವಾಗ ನೂರು ಗ್ರಾಂ ಕಡಿಮೆ ತೂಗಿದರೆ ಜಗಳ ತೆಗೀತೀವಿ. ಪೆಟ್ರೋಲ್ ಬಂಕಿನಲ್ಲಿ ಸೊನ್ನೆ ನೋಡಿಯೇ ಹಾಕಿಸ್ತೀವಿ. ಬಾಣಂತಿಯ ರಕ್ತಕ್ಕೆ ಮಾತ್ರ ಕಣ್ಣಂದಾಜು! ಬಟ್ಟೆ ಹೀರಿಕೊಳ್ಳುತ್ತೆ, ನೆಲಕ್ಕೆ ಬಿದ್ದದ್ದು ನೀರಿನ ಜೊತೆ ಹೋಗುತ್ತೆ. ಅನುಭವ ಇದ್ದವರ ಕಣ್ಣೂ ಮೋಸ ಹೋಗುತ್ತೆ.

ಇದನ್ನು ತೋರಿಸಿಕೊಟ್ಟವರು ಎಲ್ಲಿಯವರು ಗೊತ್ತಾ? ಲಂಡನ್ನಿನವರಲ್ಲ. ನಮ್ಮ ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ವೈದ್ಯರು, ಅಮೆರಿಕದ ವೈದ್ಯರ ಜೊತೆ ಸೇರಿ. ಅವರು ಒಂದು ಪ್ಲಾಸ್ಟಿಕ್ ಹಾಳೆ ಮಾಡಿದರು. ಹೆರಿಗೆ ಆದ ಕೂಡಲೇ ತಾಯಿಯ ಸೊಂಟದ ಕೆಳಗೆ ಹಾಸೋದು. ಅದರ ತುದಿ ಲಾಳಿಕೆಯ ಹಾಗೆ ಚೀಲಕ್ಕೆ ಇಳಿಯುತ್ತೆ, ಚೀಲದ ಮೇಲೆ ಮಿಲಿಲೀಟರ್ ಗೆರೆ. ಅಷ್ಟೇ. ಕರೆಂಟ್ ಬೇಡ, ಮಷೀನ್ ಬೇಡ. ಕಣ್ಣಂದಾಜಿನ ಜೊತೆ ಹೋಲಿಸಿ ನೋಡಿದರೆ, ಕಣ್ಣು ಹೇಳಿದ್ದು ಚೀಲ ಹೇಳಿದ್ದಕ್ಕಿಂತ ಮೂರರಲ್ಲಿ ಒಂದು ಪಾಲು ಕಡಿಮೆ!

ಅದೇ ತಂಡ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರ ಮೇಲೆ ಒಂದು ಅಧ್ಯಯನ ಮಾಡಿತು. ಹೆರಿಗೆ ಮಾಡಿಸಿದವರು ಎಎನ್ಎಂ ಸಿಸ್ಟರ್‌ಗಳು, ಮನೆಯಲ್ಲಿ ಮತ್ತು ಉಪಕೇಂದ್ರಗಳಲ್ಲಿ. ಮಗು ಬಂದ ಮೇಲೆ ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ. ರಕ್ತ ಅಳೆದದ್ದು ಅದೇ ಚೀಲದಲ್ಲಿ. ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಅದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆಕ್ಸಿಟೋಸಿನ್ ಸಿಗದ ಕಡೆ ಬಾಣಂತಿಯ ರಕ್ತಸ್ರಾವ ತಡೆಯೋಕೆ ಅಂತ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಒಂದು ಎಚ್ಚರಿಕೆ: ಇದು ನಾವೇ ಅಂಗಡಿಯಿಂದ ತಂದು ಕೊಡೋ ಮಾತ್ರೆ ಅಲ್ಲ. ಮಗು ಹುಟ್ಟುವ ಮೊದಲು ಕೊಟ್ಟರೆ ಅನಾಹುತ.

ಮುಂದೆ ಕೇಳಿ. 2023ರಲ್ಲಿ ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾ, ನಾಲ್ಕು ದೇಶಗಳ 80 ಆಸ್ಪತ್ರೆಗಳ ಫಲಿತಾಂಶ ಬಂತು. ಎರಡು ಲಕ್ಷಕ್ಕೂ ಹೆಚ್ಚು ತಾಯಂದಿರು. ಅಲ್ಲಿ ಮಾಡಿದ್ದೇನು? ಗೆರೆ ಹಾಕಿದ ಚೀಲದಲ್ಲಿ ರಕ್ತ ಅಳೆದರು. ಗೆರೆ ಮುಟ್ಟಿದ ಕೂಡಲೇ ಐದೂ ಕೆಲಸ ಒಟ್ಟಿಗೆ: ಗರ್ಭಕೋಶ ತಿಕ್ಕೋದು, ಆಕ್ಸಿಟೋಸಿನ್, ಕಟ್ಟಿದ ಹೆಪ್ಪು ಕರಗದ ಹಾಗೆ ತಡೆಯೋ ಟ್ರಾನೆಕ್ಸಾಮಿಕ್ ಆಸಿಡ್, ನರಕ್ಕೆ ದ್ರಾವಣ, ಎಲ್ಲಿಂದ ರಕ್ತ ಬರ್ತಿದೆ ಅಂತ ಪರೀಕ್ಷೆ. ಒಂದಾದ ಮೇಲೆ ಒಂದು ಅಂತ ಕಾಯೋದಿಲ್ಲ. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗೋ ಆಪರೇಷನ್, ಸಾವು ಎಲ್ಲ ಸೇರಿ ನೂರಕ್ಕೆ 60ರಷ್ಟು ಕಡಿಮೆ ಆಯ್ತು. ಮೊದಲು ಅರ್ಧ ಕೇಸು ಗೊತ್ತೇ ಆಗ್ತಿರಲಿಲ್ಲ. ಅಳೆದಾಗ ನೂರರಲ್ಲಿ 93 ಗೊತ್ತಾಯ್ತು.

ಬೆಳಗಾವಿಯಲ್ಲಿ ಇಪ್ಪತ್ತು ವರ್ಷದ ಹಿಂದೆ ಹಾಸಿದ ಹಾಳೆಯಂಥದ್ದೇ ಆಫ್ರಿಕಾದಲ್ಲಿ ಜೀವ ಉಳಿಸಿತು. ಕಲಬುರಗಿಯ ಪ್ರತಿ ಹೆರಿಗೆ ಕೋಣೆಯಲ್ಲಿ ಅದು ಇರಬೇಕಲ್ವಾ? ಆರೋಗ್ಯ ಇಲಾಖೆಗೆ ನನ್ನ ಪ್ರಶ್ನೆ ಇಷ್ಟೇ: ಯಾವ ಯಾವ ಹೆರಿಗೆ ಕೋಣೆಯಲ್ಲಿ ಅಳತೆ ಚೀಲ ಇದೆ, ಎಲ್ಲಿ ಇಲ್ಲ? ಪಟ್ಟಿ ಹೊರಗೆ ಹಾಕಿ. ಇನ್ನೊಂದು, ಆಕ್ಸಿಟೋಸಿನ್ ಇಂಜೆಕ್ಷನ್ ಫ್ರಿಜ್ಜಿನ ತಂಪಿನಲ್ಲಿ ಇರಬೇಕು. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟೋ ಊರಿನಲ್ಲಿ ಕರೆಂಟ್ ಹೋದಾಗ ಆ ಫ್ರಿಜ್ಜಿನ ಗತಿ ಏನು? ಬಾಟಲಿಯ ಮೇಲೆ ಹೆಸರು ಸರಿ ಇರುತ್ತೆ, ಒಳಗಿನ ಶಕ್ತಿ ಹೋಗಿರುತ್ತೆ.

ಇನ್ನು ನಿಮಗೆ. ಮನೆಯಲ್ಲಿ ಬಸುರಿ ಇದ್ದರೆ ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಎಷ್ಟು ಅಂತ ಇವತ್ತೇ ನೋಡಿ. ಹನ್ನೊಂದಕ್ಕಿಂತ ಕಡಿಮೆ ಇದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಕಬ್ಬಿಣದ ಮಾತ್ರೆ ತಪ್ಪಿಸಬೇಡಿ. ಹೆರಿಗೆಗೆ ಹೋದಾಗ 'ಸಿಸ್ಟರ್, ರಕ್ತ ಅಳೀತೀರಾ?' ಅಂತ ಮರ್ಯಾದೆಯಿಂದ ಕೇಳಿ. ರೇಗಬೇಡಿ, ರಾತ್ರಿಯಿಡೀ ನಿದ್ದೆಗೆಟ್ಟು ದುಡಿಯೋ ಹೆಣ್ಣುಮಗಳು ಅವರು. ಮಗು ಹುಟ್ಟಿದ ಮೊದಲ ಎರಡು ಗಂಟೆ ಎಲ್ಲರೂ ಮಗುವಿನ ಸುತ್ತ ನಿಲ್ಲಬೇಡಿ. ಒಬ್ಬರು ತಾಯಿಯ ಹತ್ತಿರ ಇರಿ. ಬಟ್ಟೆ ಬೇಗ ಬೇಗ ನೆನೀತಿದೆಯಾ, ಬೆವರ್ತಿದ್ದಾಳಾ, ಕಣ್ಣು ಕತ್ತಲೆ ಅಂತಾಳಾ, ಕೈ ತಣ್ಣಗಾಯ್ತಾ? ತಕ್ಷಣ ಕೂಗಿ. ಮನೆಯಲ್ಲಿದ್ದರೆ 108ಕ್ಕೆ ಫೋನ್ ಮಾಡಿ.

ಆ ಗಂಡು ಮಗು, ನನ್ನ ತಮ್ಮ, ಈಗ ದೊಡ್ಡವನಾಗಿದ್ದಾನೆ. ಮೊನ್ನೆ ಅವನ ಹೆಂಡತಿಯ ಕುಬುಸಕ್ಕೆ ತೆಂಗಳಿಗೆ ಹೋಗಿದ್ದೆ. ಊಟ ಆದ ಮೇಲೆ ಅವನು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ: 'ಅಣ್ಣಾ, ಆ ಚೀಲ ಎಲ್ಲಿ ಸಿಗ್ತದ?'

ಇದನ್ನು ಅವನು ನನ್ನನ್ನು ಕೇಳಬೇಕಾಗಿ ಬರಬಾರದಿತ್ತು.