ಜಗಲಿಯಲ್ಲಿ ಉಳಿದ ಮಗು
(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತು ಹಿರಿಯರ ತ್ಯಾಗವನ್ನು ಕೊಂಡಾಡುವುದು ಉಚಿತವೇ. ಆ ಕಾರ್ಯವನ್ನು ನಮಗಿಂತ ಬಲ್ಲವರು ಆಗಲೇ ನೆರವೇರಿಸಿದ್ದಾರೆ. ನಾವಾದರೋ ಬಾಗಿಲವರೆಗೆ ಬಂದು ಜಗಲಿಯಲ್ಲೇ ಉಳಿದುಬಿಡುವ ಮಗುವಿನ ಕುರಿತು ಮಾತನಾಡಬಯಸುತ್ತೇವೆ.

ವರ್ತನಾ ಸಲಹೆ ನಮ್ಮ ಉದ್ಯೋಗ. ಆಟಿಸಂ ಇರುವ ಮಕ್ಕಳ ಮನೆಗೂ ಶಾಲೆಗೂ ಹೋಗಿ, ಮಗು ಏಕೆ ಚೀರುತ್ತದೆ, ಏಕೆ ಓಡುತ್ತದೆ ಎಂಬುದನ್ನು ಗಮನಿಸಿ ಹೆತ್ತವರಿಗೆ ದಾರಿ ಸೂಚಿಸುವ ಕೆಲಸ. ಇದನ್ನು ಪುಸ್ತಕದಿಂದ ಮಾತ್ರ ಕಲಿತವರಲ್ಲ ನಾವು. ನಮ್ಮ ಮನಸ್ಸೂ ಅದೇ ಬಗೆಯದು. ಬಾಲ್ಯದಲ್ಲಿ ಮೊಂಡರೆನಿಸಿಕೊಂಡೆವು; ಕಾರಣ ತಿಳಿದದ್ದು ಪ್ರಾಯಕ್ಕೆ ಬಂದ ಮೇಲೆ. ಈಗಲೂ ಧ್ವನಿವರ್ಧಕ ಕಿರ್ರೆಂದರೆ ಮುಂದಿನ ವಾಕ್ಯ ಮರೆತುಹೋಗುತ್ತದೆ. ಇಂದು ಅದನ್ನು ತಗ್ಗಿಸಿಕೊಟ್ಟ ಯುವಕರಿಗೆ ನಮ್ಮ ವಂದನೆಗಳು.

ಎಸ್.ಎಸ್. ಬಡಾವಣೆಯ ಒಂದು ಮನೆಯ ಹುಡುಗ ಬಲಿಪೂಜೆಯ ನಡುವೆ ಚೀರಿ ಹೊರಗೋಡುತ್ತಿದ್ದ. ಮಗನಿಗೆ ಬುದ್ಧಿ ಹೇಳಬಾರದೇ ಎಂದು ಹಿಂದಿನ ಸಾಲಿನವರು ಕೇಳಿದ ಮೇಲೆ ತಾಯಿ ಒಳಗೆ ಬರುವುದನ್ನೇ ಬಿಟ್ಟರು. ಅವರನ್ನು ಒಪ್ಪಿಸಿ ಮೂರು ಭಾನುವಾರ ಹುಡುಗನ ಪಕ್ಕದಲ್ಲಿ ಕುಳಿತೆವು. ಅವನು ಓಡುತ್ತಿದ್ದುದು ಪ್ರತಿ ಸಲವೂ ಒಂದೇ ಕ್ಷಣದಲ್ಲಿ: ಪೀಠದ ಗಂಟೆ ಬಾರಿಸಿದಾಗ. ನಮಗೆ ಆಶ್ಚರ್ಯವಾಗಲಿಲ್ಲ, ನಮ್ಮ ಕಿವಿಯೂ ಆ ಹೊತ್ತಿಗೆ ಬಿಗಿದುಕೊಂಡಿತ್ತು.

ಅಮೆರಿಕೆಯಲ್ಲಿ 1947ರಲ್ಲಿ ಜನಿಸಿದ ಟೆಂಪಲ್ ಗ್ರ್ಯಾಂಡಿನ್ ಎಂಬ ಮಹಿಳೆ ಇದ್ದಾರೆ. ಸ್ವತಃ ಆಟಿಸಂ ಉಳ್ಳವರು, ಪಶುವಿಜ್ಞಾನಿ. ದನಗಳು ಓಣಿಯಲ್ಲಿ ಮುಂದೆ ಹೆಜ್ಜೆಯಿಡದಿದ್ದಾಗ ಅವರು ತಾವೇ ಓಣಿಗಿಳಿದು ನೋಡಿದರು. ನೇತಾಡುವ ಸರಪಳಿ, ನೆಲದ ಮೇಲಿನ ನೆರಳು ಇಂಥವೇ ದನಗಳನ್ನು ಬೆದರಿಸುತ್ತಿದ್ದವು. ಮಕ್ಕಳನ್ನು ದನಗಳಿಗೆ ಹೋಲಿಸುತ್ತಿದ್ದೇವೆಂದು ಯಾರೂ ಭಾವಿಸಬಾರದು. ಎತ್ತು ನಿಂತರೆ ನಮ್ಮ ಸೀಮೆಯ ರೈತನೂ ಮೊದಲು ದಾರಿಯನ್ನು ನೋಡುತ್ತಾನೆ. ಮಗು ನಿಂತರೆ ಮಾತ್ರ ನಾವು ಮಗುವನ್ನೇ ಗದರಿಸುತ್ತೇವೆ.

ಹುಡುಗನನ್ನು ಧ್ವನಿವರ್ಧಕದಿಂದ ದೂರ, ಪಕ್ಕದ ಬಾಗಿಲ ಬಳಿ ಕೂರಿಸಿದೆವು. ಗಂಟೆಗೆ ಮೊದಲು ತಾಯಿ ಅವನ ಅಂಗೈ ಒತ್ತುತ್ತಾರೆ. ಪೂಜೆಗೆ ಮುಂಚೆ ಪೀಠಬಾಲಕರು ಆ ಗಂಟೆಯನ್ನು ಅವನ ಕೈಗೇ ಕೊಟ್ಟು ಬಾರಿಸಗೊಟ್ಟರು. ಈಗ ಅವನು ಓಡುವುದಿಲ್ಲವೆಂದರೆ ಸುಳ್ಳಾದೀತು, ಓಡುವುದು ಅಪರೂಪ.

1995ರ ಅಂಗವಿಕಲರ ಕಾಯಿದೆಯ ಏಳು ಬಗೆಗಳ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ಕಾಯಿದೆಯ ಇಪ್ಪತ್ತೊಂದರಲ್ಲಿ ಸೇರಿತು; ಸರ್ಕಾರದ ನೆರವು ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕಾಯಿತು. 2014ರ ನವೆಂಬರಿನಲ್ಲಿ ಜಗದ್ಗುರು ಫ್ರಾನ್ಸಿಸರು ಆಟಿಸಂ ಉಳ್ಳವರನ್ನೂ ಅವರ ಕುಟುಂಬದವರನ್ನೂ ವ್ಯಾಟಿಕನ್ನಿನಲ್ಲಿ ಬರಮಾಡಿಕೊಂಡರು.

ಇನ್ನು ನಮ್ಮ ಬಿನ್ನಹ. ಧರ್ಮೋಪದೇಶದ ಪ್ರಶ್ನೋತ್ತರಗಳನ್ನು ಬಾಯಿಪಾಠ ಒಪ್ಪಿಸಲಾರನೆಂದು ಈ ಹುಡುಗನನ್ನು ಪ್ರಥಮ ಪರಮಪ್ರಸಾದದಿಂದ ಎರಡು ವರ್ಷ ಹಿಂದುಳಿಸಲಾಗಿದೆ. ಉಪದೇಶಕರಲ್ಲಿ ಕೆಡುಕಿಲ್ಲ, ನಿಯಮ ಪಾಲಿಸಿದ್ದಾರೆ. ಆದರೆ 1983ರ ಧರ್ಮಸಭೆಯ ಕಾನೂನು ಸಂಹಿತೆಯ 913ನೆಯ ವಿಧಿ ಮಕ್ಕಳಿಂದ ಕೇಳುವುದು ಅವರವರ ಶಕ್ತಿಗೆ ತಕ್ಕ ಅರಿವನ್ನು. ಮನೆಯ ರೊಟ್ಟಿಗೆ ಎಂದೂ ಕೈಮುಗಿಯದ ಈ ಹುಡುಗ, ಗುರುಗಳು ಪೀಠದಲ್ಲಿ ಅಪ್ಪವನ್ನು ಮೇಲೆತ್ತಿದಾಗ ಕಿವಿ ಮುಚ್ಚಿದ ಕೈಗಳನ್ನು ಬಿಡಿಸಿ ಜೋಡಿಸುತ್ತಾನೆ. ಈ ವರ್ಷದ ಪಟ್ಟಿ ಇನ್ನೂ ಮುಗಿದಿಲ್ಲವೆಂದು ಕೇಳಿದ್ದೇವೆ.