ಹಲ್ಲು ಬಿಳುಪಾಗಿಸುವ ಯಂತ್ರ: ಯಾರಿಂದ ಕೊಳ್ಳಬೇಕು?



ತೆಲುಗಿನಲ್ಲಿ ಪಳ್ಳು, ಕನ್ನಡದಲ್ಲಿ ಹಲ್ಲು. ಅಕ್ಷರ ಬದಲಾದರೂ ನೋವು ಒಂದೇ. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಲ್ಲಿ ಈ ಎರಡು ಮಾತೂ ಒಂದೇ ಮನೆಯ ಪಡಸಾಲೆಯಲ್ಲಿ ಕೇಳಿಬರುತ್ತವೆ. ಇಂದಿನ ಮಾತು ಹಲ್ಲಿನದು. ಅದಕ್ಕಿಂತ ಹೆಚ್ಚಾಗಿ, ಹಲ್ಲಿನ ಹೆಸರಿನಲ್ಲಿ ನಾವು ಹೂಡುವ ಹಣದ್ದು.

ನಮ್ಮ ಸೀಮೆಯಿಂದ ಈಗ ಬಿ.ಡಿ.ಎಸ್. ಓದುವ ಮಕ್ಕಳಿದ್ದಾರೆ. ಹೊಳೆಯಾಚೆ ರಾಯಚೂರಿನಲ್ಲಿ ದಂತ ಕಾಲೇಜುಗಳಿವೆ, ಈಚೆ ಮಹಬೂಬ್‌ನಗರದಲ್ಲೂ ಇದೆ. ಓದು ಮುಗಿಸಿ ಬಂದ ಮಗಳಿಗೋ ಮಗನಿಗೋ ಊರಲ್ಲೊಂದು ದವಾಖಾನೆ ಹಾಕಿಕೊಡಬೇಕೆಂದು ತಂದೆ ಹೊಲದ ಪಾಸ್‌ಬುಕ್ಕು ಬ್ಯಾಂಕಿಗೆ ಒಯ್ಯುತ್ತಾನೆ, ತಾಯಿ ಬಂಗಾರ ಬಿಚ್ಚಿ ಕೊಡುತ್ತಾಳೆ. ಆಗ ಒಬ್ಬ ಮಾರಾಟಗಾರ ಬಂದು, "ಹಲ್ಲು ಬೆಳ್ಳಗೆ ಮಾಡುವ ಮೆಷಿನ್ ತಗೊಳ್ಳಿ, ಒಂದು ಲಗ್ನಗಾಲದಲ್ಲಿ ಹಾಕಿದ ದುಡ್ಡು ವಾಪಸ್" ಎನ್ನುತ್ತಾನೆ. ಆ ಕಾಗದಕ್ಕೆ ಸಹಿ ಹಾಕುವ ಮೊದಲು ಯೋಚಿಸಬೇಕಾದ ಕೆಲವು ಸಂಗತಿಗಳನ್ನು ಹೇಳುತ್ತೇನೆ. ಇದು ಡಾಕ್ಟರಿಗೆ ಎಷ್ಟು ಬೇಕೋ, ಸಾಲಕ್ಕೆ ಜಾಮೀನು ನಿಲ್ಲುವ ತಂದೆಗೂ ಅಷ್ಟೇ ಬೇಕು.

ಮೊದಲನೆಯದು: ನಮ್ಮ ಊರಿನ ಹಲ್ಲುಗಳ ಬಣ್ಣಕ್ಕೆ ಆ ಯಂತ್ರ ಮದ್ದೇ? ಗುಟ್ಕಾ, ತಂಬಾಕು, ಎಲೆಅಡಿಕೆಗಳ ಕಲೆ ಹಲ್ಲಿನ ಮೇಲೆ ಕೂತಿರುತ್ತದೆ. ಅದಕ್ಕೆ ಹಲ್ಲು ಶುಚಿ ಮಾಡಿದರೆ ಸಾಕು. ಹಳೆಯ ಮಹಬೂಬ್‌ನಗರ ಜಿಲ್ಲೆ ಮತ್ತು ರಾಯಚೂರು ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಹಲ್ಲು ಕಟ್ಟುವ ವಯಸ್ಸಿನ ಮಗು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಹೊರಕವಚದೊಳಗೇ ಸುಣ್ಣದಂಥ ಪಟ್ಟೆ, ಕಂದು ಚುಕ್ಕೆ ಮೂಡುತ್ತವೆ. ಇವು ಬರೀ ಬ್ಲೀಚಿಗೆ ಹೋಗುವುದಿಲ್ಲ. ಅಲ್ಪವಾಗಿದ್ದರೆ ಮೇಲ್ಪದರವನ್ನು ನವಿರಾಗಿ ಉಜ್ಜಿ, ಆಮೇಲೆ ಬಿಳುಪು ಮಾಡಿದರೆ ಗುಣ ಕಾಣುತ್ತದೆ. ತೀವ್ರವಾಗಿದ್ದರೆ ಹಲ್ಲಿನ ಬಣ್ಣದ ಲೇಪವೋ ಹೊದಿಕೆಯೋ ಬೇಕು. ಕೂಡಿಸಿದ ಹಲ್ಲು, ತುಂಬಿದ ಸಿಮೆಂಟು ಎಷ್ಟು ಬ್ಲೀಚ್ ಹಚ್ಚಿದರೂ ಬೆಳ್ಳಗಾಗುವುದಿಲ್ಲ. "ಎಲ್ಲ ಕಲೆಯೂ ಒಂದು ಗಂಟೆಯಲ್ಲಿ ಮಾಯ" ಎನ್ನುವ ಮಾರಾಟಗಾರನಿಗೆ ಈ ಒಂದು ಪ್ರಶ್ನೆ ಹಾಕಿ: "ಫ್ಲೋರೈಡ್ ಕಲೆಗೆ ಏನು?" ನೇರ ಉತ್ತರ ಕೊಟ್ಟರೆ ಮುಂದೆ ಮಾತಾಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಎರಡನೆಯದು: ಕೆಲಸ ಮಾಡುವುದು ದೀಪವಲ್ಲ, ಔಷಧ. ಹೈಡ್ರೋಜನ್ ಪೆರಾಕ್ಸೈಡ್ ಅಥವಾ ಕಾರ್ಬಮೈಡ್ ಪೆರಾಕ್ಸೈಡ್ ಎಂಬ ಜೆಲ್ ಹಲ್ಲಿನೊಳಗಿನ ಬಣ್ಣವನ್ನು ಒಡೆಯುತ್ತದೆ. 1989ರಲ್ಲಿ ಹೇವುಡ್ ಮತ್ತು ಹೇಮನ್ ಎಂಬ ಅಮೆರಿಕದ ದಂತವೈದ್ಯರು 10 ಶೇಕಡಾ ಕಾರ್ಬಮೈಡ್ ಪೆರಾಕ್ಸೈಡನ್ನು ಅಚ್ಚಿನ ತಟ್ಟೆಯಲ್ಲಿಟ್ಟು ರಾತ್ರಿ ಹಾಕಿಕೊಳ್ಳುವ ವಿಧಾನವನ್ನು ಪ್ರಕಟಿಸಿದರು. ಅದರಲ್ಲಿ ದೀಪವೇ ಇರಲಿಲ್ಲ. ದವಾಖಾನೆಯಲ್ಲಿ ಹಚ್ಚುವ ಜೆಲ್ 35-40 ಶೇಕಡಾ ತೀಕ್ಷ್ಣ. ನೀಲಿ ದೀಪದಿಂದ ಬಹುದಿನ ಉಳಿಯುವ ಹೆಚ್ಚಿನ ಬಿಳುಪು ಬರುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಕಡಿಮೆ. ಆದುದರಿಂದ ಹೊಸ ಡಾಕ್ಟರು ಮೊದಲು ಅಚ್ಚಿನ ತಟ್ಟೆ ಮತ್ತು ಒಳ್ಳೆಯ ಜೆಲ್‌ನಿಂದ ಶುರು ಮಾಡಬಹುದು. ಗಿರಾಕಿ ಬೆಳೆದ ಮೇಲೆ ಯಂತ್ರ. ಸಾಲದ ಅರ್ಧ ಭಾರ ಇಲ್ಲೇ ಇಳಿಯುತ್ತದೆ.

ಮೂರನೆಯದು: ಬಿಸಿಲು. ಪೆರಾಕ್ಸೈಡ್ ಶಾಖಕ್ಕೆ ಸತ್ವ ಕಳೆದುಕೊಳ್ಳುತ್ತದೆ. ಎಷ್ಟೋ ಜೆಲ್‌ಗಳನ್ನು ಫ್ರಿಜ್ಜಿನಲ್ಲೇ ಇಡಬೇಕೆಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ಗದ್ವಾಲದ ಮೇ ತಿಂಗಳಲ್ಲಿ ಹೈದರಾಬಾದಿನಿಂದ ಬಸ್ಸಿನ ಟಾಪಿನ ಮೇಲೆ ಬಂದ ಪೆಟ್ಟಿಗೆಯಲ್ಲಿ ಏನು ಉಳಿದೀತು? ಒಳ್ಳೆಯ ಸರಬರಾಜುದಾರ ತಂಪು ಪೆಟ್ಟಿಗೆಯಲ್ಲಿ ಕಳಿಸುತ್ತಾನೆ, ಅವಧಿ ತುಂಬಲು ತಿಂಗಳುಗಳು ಬಾಕಿ ಇರುವ ಮಾಲನ್ನೇ ಕೊಡುತ್ತಾನೆ, ಕೆಟ್ಟದ್ದನ್ನು ವಾಪಸ್ ತೆಗೆದುಕೊಳ್ಳುತ್ತಾನೆ. ಈ ಮೂರನ್ನೂ ಬರಹದಲ್ಲಿ ಕೇಳಿ.

ನಾಲ್ಕನೆಯದು ಕಾಗದಪತ್ರ. ಇದು ನಮ್ಮವರಿಗೆ ಹೊಸದಲ್ಲ. ಗದ್ವಾಲ ಹತ್ತಿ ಬೀಜದ ಸೀಮೆ. ಬೀಜ ಕೊಳ್ಳುವಾಗ ಲೈಸೆನ್ಸು, ಲಾಟ್ ನಂಬರು, ಅವಧಿ ನೋಡಿ, ರಸೀತಿ ಜೋಪಾನ ಮಾಡದ ರೈತ ಬೆಳೆ ಹೋದಾಗ ಯಾರನ್ನೂ ಕೇಳಲಾರ. ಯಂತ್ರಕ್ಕೂ ಅದೇ ನ್ಯಾಯ. 2017ರ ವೈದ್ಯಕೀಯ ಉಪಕರಣಗಳ ನಿಯಮಗಳಂತೆ ಉಪಕರಣಗಳನ್ನು ಎ, ಬಿ, ಸಿ, ಡಿ ಎಂದು ಅಪಾಯಕ್ಕೆ ತಕ್ಕಂತೆ ವಿಂಗಡಿಸಲಾಗಿದೆ. ದಂತ ಚಿಕಿತ್ಸೆಯ ಉಪಕರಣವೆಂದು ಮಾರುವ ವಸ್ತು ಯಾವ ವರ್ಗದ್ದೆಂದು ಕೇಳಿ, ಅದಕ್ಕೆ ತಕ್ಕ ನೋಂದಣಿ ಅಥವಾ ಪರವಾನಗಿಯ ಸಂಖ್ಯೆ ಬರೆಸಿಕೊಳ್ಳಿ. ಬೇರೆ ದೇಶದಿಂದ ತಂದದ್ದಾದರೆ ಆಮದಿನ ಕಾಗದವನ್ನೂ ನೋಡಿ. ಮಾರುವ ಅಂಗಡಿಗೆ ಔಷಧ ಮಾರಾಟದ ಲೈಸೆನ್ಸು ಇರಬೇಕು, ಇಲ್ಲವೇ ಎಂಡಿ-42 ಎಂಬ ನೋಂದಣಿ ಪತ್ರ ಇರಬೇಕು. ಪೆಟ್ಟಿಗೆಯ ಮೇಲೆ ಸಿ.ಇ. ಎಂಬ ಯುರೋಪಿನ ಗುರುತು ಇದ್ದ ಮಾತ್ರಕ್ಕೆ ಭಾರತದ ಕಾಗದ ಇದ್ದಂತಾಗಲಿಲ್ಲ. ಐ.ಎಸ್.ಓ. 13485 ಪ್ರಮಾಣಪತ್ರ ತೋರಿಸಿದರೆ ಅದರಲ್ಲಿರುವ ಕಾರ್ಖಾನೆಯ ಹೆಸರು, ವಿಳಾಸ, ಮುಗಿಯುವ ದಿನಾಂಕ ಓದಿ. ಯಂತ್ರದ ಮೇಲಿನ ಹೆಸರಿಗೂ ಪತ್ರದ ಹೆಸರಿಗೂ ತಾಳೆಯಾಗದಿದ್ದರೆ ಅಲ್ಲಿಗೇ ನಿಲ್ಲಿಸಿ.

ಐದನೆಯದು: ಕೆಟ್ಟ ದಿನ ಯಾರು ಬರುತ್ತಾರೆ? ನಮ್ಮಲ್ಲಿ ಕರೆಂಟು ಏರಿಳಿಯುತ್ತದೆ. ಸ್ಟೆಬಿಲೈಸರ್ ಯಾರ ಖರ್ಚು, ವಾರಂಟಿಯಲ್ಲಿ ದೀಪ ಸೇರಿದೆಯೇ, ಮೆಕ್ಯಾನಿಕ್ಕು ಮಕ್ತಲ್‌ಗೆ ಬರುತ್ತಾನೋ ಅಥವಾ ಯಂತ್ರವನ್ನೇ ಹೈದರಾಬಾದಿಗೆ ಹೊರಬೇಕೋ, ಕೇಳಿ. ಇತರ ಕಂಪನಿಯ ಜೆಲ್ ಹಾಕಿದರೆ ಯಂತ್ರ ನಡೆಯುತ್ತದೆಯೇ ಎಂದೂ ಕೇಳಿ. ಅಗ್ಗಕ್ಕೆ ಯಂತ್ರ ಕೊಟ್ಟು ಆಮೇಲೆ ಜೆಲ್‌ನಲ್ಲಿ ಹಿಂಡುವ ವ್ಯಾಪಾರವೂ ಉಂಟು. ರೋಗಿಗೂ ಡಾಕ್ಟರಿಗೂ ಕಣ್ಣಿನ ಕನ್ನಡಕ, ಒಸಡಿಗೆ ಹಚ್ಚುವ ರಕ್ಷಣೆಯ ಲೇಪ, ಬಣ್ಣ ಅಳೆಯುವ ಮಾದರಿ ಹಲ್ಲುಗಳ ಪಟ್ಟಿ, ಇವು ಜೊತೆಗೆ ಬರಬೇಕು. ಒಂದು ದಿನ ಕೂತು ಕಲಿಸದೆ ಪೆಟ್ಟಿಗೆ ಇಳಿಸಿ ಹೋಗುವವನಿಂದ ಕೊಳ್ಳಬೇಡಿ. ಆತನಿಂದ ಎರಡು ವರ್ಷದ ಹಿಂದೆ ಕೊಂಡ ಡಾಕ್ಟರನ್ನು, ರಾಯಚೂರಿನಲ್ಲಿರಲಿ ಮಹಬೂಬ್‌ನಗರದಲ್ಲಿರಲಿ, ಹೋಗಿ ಕಂಡು ಬನ್ನಿ. ಬಸ್ಸಿನ ಚಾರ್ಜು ಲಕ್ಷ ಉಳಿಸೀತು.

ಹಣವನ್ನು ಕೈಗೆ ಕೊಡಬೇಡಿ, ಬ್ಯಾಂಕಿನ ಮೂಲಕ ಕೊಡಿ. ಜಿ.ಎಸ್.ಟಿ. ಬಿಲ್ಲಿನಲ್ಲಿ ಮಾಡೆಲ್, ಸೀರಿಯಲ್ ನಂಬರು ಬರೆಸಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಎರಡು ಅನುಕೂಲಗಳಿವೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡ ಯಂತ್ರವಾದರೆ, ಕೊಂಡವರೂ ಗ್ರಾಹಕರೇ. ಎರಡನೆಯದಾಗಿ, ಮಾರಿದವನು ದಿಲ್ಲಿಯಲ್ಲಿದ್ದರೂ ನೀವು ವಾಸವಿರುವ ಕಡೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಮೊದಲು ಸಲಹೆ ಬೇಕಿದ್ದರೆ 1915 ಸಂಖ್ಯೆಗೆ ಫೋನು ಮಾಡಬಹುದು.

ಕೊನೆಗೆ, ಹಲ್ಲು ಬೆಳಗಿಸಿಕೊಳ್ಳುವವರಿಗೂ ಒಂದು ಮಾತು. ಈ ತೀಕ್ಷ್ಣ ಜೆಲ್ ಒಸಡು ಸುಡಬಲ್ಲದು, ಹಲ್ಲು ಜುಂ ಎನ್ನಿಸಬಲ್ಲದು. ಯುರೋಪಿನಲ್ಲಿ 2012ರಿಂದ 18 ತುಂಬದವರಿಗೆ ಇದನ್ನು ಬಳಸಬಾರದೆಂಬ ನಿಯಮವಿದೆ. ನಮ್ಮಲ್ಲಿ ನೋಂದಣಿಯಾದ ದಂತವೈದ್ಯರ ಬಳಿಯೇ ಹೋಗಿ. ಬ್ಯೂಟಿ ಪಾರ್ಲರಿನಲ್ಲೂ ಜಾತ್ರೆಯ ಡೇರೆಯಲ್ಲೂ ಬಾಯಿ ತೆರೆಯಬೇಡಿ. ಕನ್ಯೆ ನೋಡಲು ಬಂದವರು ಹುಡುಗಿಯ ಹಲ್ಲಿನ ಕಲೆ ಎಣಿಸಿದರೆ, ಅದು ಊರಿನ ನೀರಿನ ಕಲೆ, ಹುಡುಗಿಯದಲ್ಲ ಎಂದು ಹೇಳುವ ಧೈರ್ಯ ಹಿರಿಯರಿಗೆ ಬರಲಿ. ಇಂದು ಹುಟ್ಟುವ ಕೂಸಿಗೆ ಶುದ್ಧವಾದ ನಲ್ಲಿಯ ನೀರು ಕುಡಿಸಿದರೆ, ನಾಳೆ ಅದಕ್ಕೆ ಯಾವ ಯಂತ್ರವೂ ಬೇಡ.